ಹಳೆಯ ಪ್ಲಗ್-ಇನ್ ಹೈಬ್ರಿಡ್: ಬ್ಯಾಟರಿ ಬಿಚ್ಚುವ ಮೊದಲು

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ವಾಹನಗಳ ಎಲೆಕ್ಟ್ರಿಕಲ್ ಕೆಲಸ ನನ್ನದು. ಸೆಲ್ಫ್ ಮೋಟಾರು, ಡೈನಮೋ, ವೈರಿಂಗ್‌ಗಳ ನಡುವೆ ಈಚೆಗೆ ಪೆಟ್ರೋಲ್ ಎಂಜಿನ್ನೂ ಬ್ಯಾಟರಿ ಮೋಟಾರೂ ಎರಡೂ ಇರುವ ಹಳೆಯ ಹೈಬ್ರಿಡ್ ಕಾರುಗಳೂ ಬರುತ್ತಿವೆ. ಅವುಗಳಲ್ಲಿ ಚಾರ್ಜರ್ ಚುಚ್ಚಿ ಓಡಿಸುವ ಪ್ಲಗ್-ಇನ್ ಹೈಬ್ರಿಡ್ ಅಪರೂಪ. ಬಂದರೆ ಬೆಂಗಳೂರಿನಲ್ಲಿ ಕೆಲವು ವರ್ಷ ಓಡಿ, ಕೈ ಬದಲಾಗಿ, ತೋಟದ ಮನೆಯ ಶೆಡ್ಡು ಸೇರಿದ ಗಾಡಿಯೇ ಇರುತ್ತದೆ. ಮಾಲೀಕರು ಹೇಳುವುದು ಸಾಮಾನ್ಯವಾಗಿ ಎರಡು ಮಾತು: ಬ್ಯಾಟರಿ ಹೋಗಿದೆ, ಇನ್ನೂ ದೊಡ್ಡದು ಹಾಕಿಕೊಡಿ. ಮೊದಲನೆಯದನ್ನು ನಾನು ಅಳೆದು ನೋಡದೆ ಒಪ್ಪುವುದಿಲ್ಲ. ಎರಡನೆಯದನ್ನು ಅಳೆದ ಮೇಲೂ ಒಪ್ಪುವುದಿಲ್ಲ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರ ಕಾರನ್ನೇ ತೆಗೆದುಕೊಳ್ಳಿ. ರಾತ್ರಿಯೆಲ್ಲ ಚಾರ್ಜಿಗೆ ಹಾಕಿದರೂ ಬೆಳಿಗ್ಗೆ ಅರ್ಧವೂ ತುಂಬಿರುವುದಿಲ್ಲ, ಏರು ಸಿಕ್ಕಿದರೆ ತಕ್ಷಣ ಪೆಟ್ರೋಲ್ ಎಂಜಿನ್ ಎದ್ದುಬಿಡುತ್ತದೆ ಎಂಬುದು ಅವರ ದೂರು. ಕಾರನ್ನು ಇಲ್ಲಿಗೆ ತರಿಸಿಕೊಳ್ಳುವ ಬದಲು ನಾನೇ ಅವರ ಶೆಡ್ಡಿಗೆ ಹೋದೆ. ಇಂಥ ದೂರಿಗೆ ಮೊದಲು ನೋಡಬೇಕಾದದ್ದು ಗೋಡೆಯ ಸಾಕೆಟ್ಟನ್ನು.

ಕಾರಿನ ಜೊತೆ ಬರುವ ಚಾರ್ಜಿಂಗ್ ಕೇಬಲ್ಲಿನ ನಡುವಿನ ಡಬ್ಬಿ ಕರೆಂಟು ಬಿಡುವ ಮೊದಲು ಅರ್ಥಿಂಗ್ ಇದೆಯೇ ಎಂದು ಪರೀಕ್ಷಿಸುತ್ತದೆ. ಇಲ್ಲದಿದ್ದರೆ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಮಳೆಗಾಲದ ಅರ್ಥಿಂಗ್ ಗುಂಡಿ ಸೊಗಸಾಗಿ ಕೆಲಸ ಮಾಡುತ್ತದೆ; ಮಾರ್ಚ್ ಬಂತೆಂದರೆ ಒಣಗಿ ನಾಮಕಾವಸ್ತೆಗೆ ಇರುತ್ತದೆ. ಇದಕ್ಕೆ ಕೆಲವರು ಕಂಡುಕೊಂಡ ಉಪಾಯ ಸಾಕೆಟ್ಟಿನ ಒಳಗೇ ನ್ಯೂಟ್ರಲ್‌ಗೆ ಅರ್ಥ್ ತಂತಿ ಸೇರಿಸುವುದು. ಡಬ್ಬಿ ಮೋಸಹೋಗುತ್ತದೆ, ನಿಜ. ಆದರೆ ಎಲ್ಲೋ ನ್ಯೂಟ್ರಲ್ ಕಡಿದ ದಿನ ಕಾರಿನ ಬಾಗಿಲು ಮುಟ್ಟಿದವರ ಗತಿ ಏನು? ಇದನ್ನು ಕಂಡಲ್ಲಿ ಬಿಚ್ಚಿಸಿಯೇ ಮುಂದಿನ ಮಾತಾಡುತ್ತೇನೆ. ಇಲ್ಲಿ ಹಾಗೆ ಮಾಡಿರಲಿಲ್ಲ. ಗುಂಡಿ ಒಣಗಿತ್ತು, ಚಾರ್ಜಿಂಗ್ ನಡುನಡುವೆ ನಿಂತು ಹೋಗುತ್ತಿತ್ತು. ಜೊತೆಗೆ ಸಾಕೆಟ್ಟಿಗೆ ಎಳೆದಿದ್ದ ವೈರು ತೆಳ್ಳಗಿತ್ತು. ಹತ್ತು ಆಂಪಿಯರ್ ಎಂದರೆ 230 ವೋಲ್ಟಿನಲ್ಲಿ 2300 ವ್ಯಾಟ್. ಪಂಪ್‌ಸೆಟ್ಟುಗಳು ಓಡುವ ಹೊತ್ತಿಗೆ ಲೈನು 180ಕ್ಕೆ ಇಳಿದರೆ ಅದೇ ಹತ್ತು ಆಂಪಿಯರಿನಲ್ಲಿ ಸಿಗುವುದು 1800 ವ್ಯಾಟ್ ಮಾತ್ರ. ಇಸ್ತ್ರಿ ಪೆಟ್ಟಿಗೆ ಬಿಸಿಯಾದ ಮೇಲೆ ತಾನೇ ಆಫ್ ಆಗುತ್ತದೆ. ಕಾರು ಅಷ್ಟೇ ಕರೆಂಟನ್ನು ಗಂಟೆಗಟ್ಟಲೆ ಬಿಡದೆ ಎಳೆಯುತ್ತದೆ, ಸಾಕೆಟ್ಟು ಕರಗುವುದು ಹೀಗೆ. ಮೀಟರ್ ಬೋರ್ಡಿನಿಂದ ನೇರವಾಗಿ 4 ಚದರ ಮಿಲಿಮೀಟರ್ ತಾಮ್ರದ ವೈರು, ಅದಕ್ಕೇ ಒಂದು ಎಂಸಿಬಿ (ಕರೆಂಟು ಮಿತಿಮೀರಿದರೆ ತಾನೇ ಬೀಳುವ ಸ್ವಿಚ್ಚು), 16 ಆಂಪಿಯರಿನ ಇಂಡಸ್ಟ್ರಿಯಲ್ ಸಾಕೆಟ್ಟು, ನೀರು ಬೀಳುವ ಜಾಗದಲ್ಲಿ ಹೊಸ ಅರ್ಥಿಂಗ್ ಗುಂಡಿ ಮಾಡಿಸಿದೆವು. ಬೆಳಿಗ್ಗೆ ಬ್ಯಾಟರಿ ಪೂರ್ತಿ ತುಂಬತೊಡಗಿತು. ದೂರಿನ ಅರ್ಧ ಅಲ್ಲಿಗೇ ಮುಗಿಯಿತು.

ಉಳಿದ ಅರ್ಧಕ್ಕೆ ಘಾಟಿ ಬೇಕಿತ್ತು. ಈ ಬಗೆಯ ಬ್ಯಾಟರಿ ಪ್ಯಾಕ್‌ಗಳಲ್ಲಿ ಹಲವು ಲೀಥಿಯಂ ಸೆಲ್‌ಗಳು, ಸಾಮಾನ್ಯವಾಗಿ 96, ಒಂದರ ಹಿಂದೊಂದು ಸರಣಿಯಲ್ಲಿರುತ್ತವೆ. ಎಲ್ಲದರಲ್ಲೂ ಹರಿಯುವುದು ಒಂದೇ ಕರೆಂಟು. ಆದ್ದರಿಂದ ಅತಿ ದುರ್ಬಲವಾದ ಸೆಲ್ ಕೆಳಗಿನ ಗೆರೆ ಮುಟ್ಟಿದೊಡನೆ, ಉಳಿದವುಗಳಲ್ಲಿ ಎಷ್ಟೇ ಚಾರ್ಜ್ ಇರಲಿ, ಕಂಪ್ಯೂಟರು ಎಂಜಿನ್ ಎಬ್ಬಿಸುತ್ತದೆ. ನಿಂತ ಕಾರಿನಲ್ಲಿ ಸ್ಕ್ಯಾನರ್ ಹಾಕಿ ನೋಡಿದರೆ ಎಲ್ಲ ಸೆಲ್‌ಗಳೂ ಸಾಧುಗಳೇ. ಭಾರ ಬಿದ್ದಾಗಲೇ ಒಳಪ್ರತಿರೋಧ ಹೆಚ್ಚಿದ ಸೆಲ್ ವೋಲ್ಟೇಜು ಬಿಟ್ಟುಕೊಡುವುದು. ಹುಡುಗನೊಬ್ಬ ಪಕ್ಕದ ಸೀಟಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿದು, ಅದೇ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಬ್ಯಾಟರಿಯಲ್ಲೇ ಹತ್ತಿಸಿದೆವು. ಒಂದೇ ಮಾಡ್ಯೂಲಿನ, ಅಂದರೆ ಒಟ್ಟಿಗೆ ಕಟ್ಟಿದ ಒಂದು ಗುಂಪಿನ, ಸೆಲ್‌ಗಳು ಪ್ರತಿ ತಿರುವಿನಲ್ಲೂ ಉಳಿದವುಗಳಿಗಿಂತ ಬಹಳ ಕೆಳಗೆ ಬೀಳುತ್ತಿದ್ದವು.

ಘಾಟಿಯ ಮೇಲೆ ಮನೆ ಇರುವವರಿಗೆ ನಡುವೆ ಒಂದು ಮಾತು. ಪೂರ್ತಿ ಚಾರ್ಜ್ ಮಾಡಿ ಇಳಿಯಲು ಶುರುಮಾಡಿದರೆ, ಇಳಿಜಾರಿನಲ್ಲಿ ಮೋಟಾರು ಹುಟ್ಟಿಸುವ ವಿದ್ಯುತ್ತಿಗೆ ಬ್ಯಾಟರಿಯಲ್ಲಿ ಜಾಗವಿರುವುದಿಲ್ಲ. ಕೆಲಸವೆಲ್ಲ ಬ್ರೇಕ್ ಪ್ಯಾಡಿನ ಮೇಲೆ ಬೀಳುತ್ತದೆ. ಅಂಥವರು ಸ್ವಲ್ಪ ಖಾಲಿ ಇಟ್ಟುಕೊಂಡೇ ಹೊರಡುವುದು ಒಳ್ಳೆಯದು. ಮಳೆಗಾಲದಲ್ಲಿ ಕಾರು ವಾರಗಟ್ಟಲೆ ನಿಲ್ಲುವುದಾದರೂ ಅಷ್ಟೇ: ಸುಮಾರು ಅರ್ಧ ಚಾರ್ಜಿನಲ್ಲಿ ನಿಲ್ಲಿಸಿ, ಚಿಕ್ಕ 12 ವೋಲ್ಟಿನ ಬ್ಯಾಟರಿ ಇಳಿಯದಂತೆ ನೋಡಿಕೊಳ್ಳಿ. ಅದು ತೀರ ಇಳಿದರೆ ದೊಡ್ಡ ಬ್ಯಾಟರಿಯನ್ನು ಕಾರಿಗೆ ಜೋಡಿಸುವ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರೇ ಸೇರುವುದಿಲ್ಲ, ಪರದೆಯ ಮೇಲೆ ಮಾತ್ರ ಭಯಂಕರ ಎಚ್ಚರಿಕೆಗಳು ಬರುತ್ತವೆ.

ಪ್ಯಾಕ್ ಬಿಚ್ಚುವಾಗ ನಮ್ಮಲ್ಲಿ ಚೌಕಾಸಿ ಇಲ್ಲ. ದೊಡ್ಡ ಬ್ಯಾಟರಿಯ ಸರಣಿ ಕಡಿಯುವ ಸರ್ವಿಸ್ ಪ್ಲಗ್ ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು, ಕೆಪಾಸಿಟರಿನ ಚಾರ್ಜ್ ಇಳಿಯಲು ಹತ್ತು ನಿಮಿಷ ಕಾಯಬೇಕು, 1000 ವೋಲ್ಟಿನ ರಬ್ಬರ್ ಕೈಗವಸಿಲ್ಲದೆ ಕಿತ್ತಳೆ ಬಣ್ಣದ ಕೇಬಲ್ ಮುಟ್ಟಬಾರದು. ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಾಕಿ ನೋಡಿದಾಗ ಇನ್ಸುಲೇಷನ್ ಸರಿಯಾಗಿತ್ತು. ಮಲೆನಾಡಿನ ಥಂಡಿಗೆ ಕನೆಕ್ಟರುಗಳಲ್ಲಿ ಕಿಲುಬು ಹಿಡಿದು ಕಾರು ಸ್ಟಾರ್ಟ್ ಆಗದೆ ನಿಲ್ಲುವುದು ಬೇರೆ ಗಾಡಿಗಳಲ್ಲಿ ಕಂಡದ್ದೇ. ಗಾಳಿಯಿಂದ ತಣಿಯುವ ಪ್ಯಾಕ್‌ಗಳಲ್ಲಾದರೆ ಫ್ಯಾನಿನ ದಾರಿಯಲ್ಲಿ ಇಲಿ ಗೂಡು, ಅದರಲ್ಲಿ ಅಡಿಕೆ ಸಿಪ್ಪೆಯ ನಾರು ಸಿಗುವುದೂ ಉಂಟು. ಈ ಕಾರಿನದು ಎಸಿ ಗ್ಯಾಸಿನಿಂದ ತಣಿಯುವ ಬಗೆ. ಗ್ಯಾಸೂ ಕಡಿಮೆಯಿತ್ತು. ಎಸಿ ತಣ್ಣಗಾಗುತ್ತಿಲ್ಲ ಎಂಬುದನ್ನು ಬ್ಯಾಟರಿಗೆ ಸಂಬಂಧಿಸಿದ ವಿಷಯವೆಂದು ಅವರು ಹೇಳಿಯೇ ಇರಲಿಲ್ಲ!

ಅವರ ಆಸೆ ದೊಡ್ಡ ಬ್ಯಾಟರಿಯ ಮೇಲೆಯೇ ಇತ್ತು. "ಎಲ್‌ಎಫ್‌ಪಿ ಸೆಲ್ ಅಗ್ಗವಂತೆ, ಹೆಚ್ಚು ವರ್ಷ ಬಾಳಿಕೆ ಬರುತ್ತದಂತೆ, ಅದನ್ನೇ ಹಾಕಿ" ಎಂದರು. ಎಲ್‌ಎಫ್‌ಪಿ ಎಂದರೆ ಲೀಥಿಯಂ ಐರನ್ ಫಾಸ್ಫೇಟ್, ಲೀಥಿಯಂ ಸೆಲ್ಲಿನ ಇನ್ನೊಂದು ಬಗೆ. ಬಾಳಿಕೆಯ ಮಾತು ಸುಳ್ಳಲ್ಲ. ಆದರೆ ಅವರ ಕಾರಿನ ಸೆಲ್ 3.7 ವೋಲ್ಟಿನದು, ಎಲ್‌ಎಫ್‌ಪಿ 3.2ರದು. 96 ಸೆಲ್‌ಗಳ ಮೊತ್ತ 355ರಿಂದ 307ಕ್ಕೆ ಇಳಿಯುತ್ತದೆ. ಅರ್ಧ ತುಂಬಿದ ಎಲ್‌ಎಫ್‌ಪಿ ಸೆಲ್ 3.3 ವೋಲ್ಟ್ ತೋರಿಸಿದರೆ ಕಾರಿನ ಕಂಪ್ಯೂಟರು ಅದನ್ನು ಬಹುತೇಕ ಖಾಲಿ ಎಂದು ಓದುತ್ತದೆ. ಚಾರ್ಜ್ ಮಾಡುವಾಗ ಅದೇ ಕಂಪ್ಯೂಟರು, 3.65ಕ್ಕೆ ನಿಲ್ಲಬೇಕಾದ ಸೆಲ್ಲನ್ನು 4.1ರತ್ತ ತಳ್ಳಲು ನೋಡುತ್ತದೆ. ಕಂಪ್ಯೂಟರನ್ನು ನಂಬಿಸುವ ಡಬ್ಬಿ ಸಿಗುತ್ತದೆ ಎಂದು ಹೇಳುವವರಿದ್ದಾರೆ. ನೂರಾರು ವೋಲ್ಟಿನ ಪ್ಯಾಕ್‌ನ ಕಾವಲುಗಾರನಿಗೇ ಸುಳ್ಳು ಹೇಳುವ ಕೆಲಸ ನನ್ನ ಕೈಯಿಂದ ಆಗದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ವಿವರಕ್ಕೆ ಹೊಂದದ ಮಾರ್ಪಾಡನ್ನು ತಡೆಯುತ್ತದೆ. ಅವಘಡವಾದರೆ ವಿಮೆಯವರು ಮೊದಲು ಕೇಳುವುದೂ ಇದನ್ನೇ.

ಅದೇ ಮಾದರಿಯ, ಅಪಘಾತದಲ್ಲಿ ಹಿಂಭಾಗಕ್ಕೆ ಏಟಾಗದ ಕಾರಿನ ಮಾಡ್ಯೂಲ್ ಹುಡುಕಿದೆವು. ಹೊಚ್ಚ ಹೊಸ ಮಾಡ್ಯೂಲನ್ನು ಹಳೆಯವುಗಳ ನಡುವೆ ಕೂರಿಸುವುದಕ್ಕಿಂತ ಸಾಮರ್ಥ್ಯ ಹೊಂದುವ ಹಳೆಯದೇ ಮೇಲು. ಸೇರಿಸುವ ಮೊದಲು ಅದರ ಸೆಲ್‌ಗಳನ್ನು ಉಳಿದವುಗಳ ವೋಲ್ಟೇಜಿಗೇ ತಂದೆವು, ಎಸಿ ಗ್ಯಾಸ್ ತುಂಬಿಸಿದೆವು. ಈಗ ಮನೆಯಿಂದ ತೀರ್ಥಹಳ್ಳಿಗೆ ಹೋಗಿ ಬರುವಷ್ಟು ದೂರ ಪೆಟ್ರೋಲ್ ಮುಟ್ಟದೆ ಓಡುತ್ತದೆ. ಹೊಸದರಲ್ಲಿ ಓಡುತ್ತಿದ್ದಷ್ಟಲ್ಲ, ಅದನ್ನು ಮೊದಲೇ ಹೇಳಿದ್ದೆ. ಮತ್ತೊಂದು ಮಾಡ್ಯೂಲ್ ಸೋತ ದಿನ ಪೂರ್ತಿ ಪ್ಯಾಕ್ ಬದಲಿಸುವುದೇ ಲೇಸು ಎಂದೂ ಹೇಳಿದ್ದೇನೆ.

ತೆಗೆದ ಮಾಡ್ಯೂಲನ್ನು ತೋಟದ ಮನೆಯ ಯುಪಿಎಸ್‌ಗೆ ಬಳಸಬಹುದೇ ಎಂದು ಕೇಳಿದರು. ಕೊಡಲಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದು ಹಳೆಯ ಬ್ಯಾಟರಿ ಸಂಗ್ರಹಿಸುವ, ನವೀಕರಿಸುವ ಇಲ್ಲವೇ ಮರುಬಳಕೆ ಮಾಡುವ ಸಂಸ್ಥೆಗೆ ಹೋಗಬೇಕು. ಅಂಥಲ್ಲಿಗೇ ಕಳಿಸಿ ರಸೀದಿಯನ್ನು ಅವರ ಬಿಲ್ಲಿಗೆ ಪಿನ್ ಮಾಡಿದೆ.