ತಾತ, ಹೊರಗಡೆ ಕನ್ನಡ ಮಾತಾಡ್ಬೇಡ

ನವೆಂಬರ್ ಎಂಟರಂದು ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಹಳದಿ-ಕೆಂಪು ಶಾಲು ಹೊದ್ದು, ಪದ್ಯ ಹೇಳಿ, ಸ್ಟೀಲ್ ಲೋಟ ಬಹುಮಾನ ಹೊಡೆದುಕೊಂಡು ಬಂದಿದ್ದಳು ನನ್ನ ಮಗಳು. ಹತ್ತು ದಿನವೂ ಆಗಿರಲಿಲ್ಲ. ವಾಕಿಂಗ್ ಹೊರಟಿದ್ದ ತಾತನ ಸ್ವೆಟರ್ ಗುಂಡಿ ಹಾಕುತ್ತಾ ಮೆಲ್ಲಗೆ ಹೇಳಿದಳು: "ತಾತ, ಹೊರಗಡೆ ಕನ್ನಡ ಮಾತಾಡ್ಬೇಡ. ಫೋನ್ ಬಂದ್ರೂ ಎತ್ಬೇಡ."

ಅಪ್ಪನಿಗೆ ಕಿವಿ ಸ್ವಲ್ಪ ಮಂದ. "ಏನಂದ್ಯೇ?" ಅಂದರು. ಅವಳು ಇನ್ನೊಂದು ಸಲ ಹೇಳಲಿಲ್ಲ. ನನಗೆ ಮೊದಲನೇ ಸಲವೇ ಕೇಳಿಸಿತ್ತು.

ನಾವಿರುವುದು ನಾರ್ತ್ ಕ್ಯಾರೊಲಿನಾದ ಶಾರ್ಲೆಟ್‌ನಲ್ಲಿ. ಬ್ಯಾಂಕುಗಳ ಊರು. 2025ರ ನವೆಂಬರ್ 15, ಶನಿವಾರ, ಇಲ್ಲಿಗೆ ಬಾರ್ಡರ್ ಪೆಟ್ರೋಲ್‌ನವರು ಬಂದಿಳಿದರು. ಹೆಸರೇ ಹೇಳುವ ಹಾಗೆ ಗಡಿ ಕಾಯುವವರು. ಮೆಕ್ಸಿಕೋ ಗಡಿ ಇಲ್ಲಿಂದ ಸಾವಿರ ಮೈಲಿಗೂ ದೂರ. ಆದರೂ ಕಾಗದಪತ್ರವಿಲ್ಲದ ವಲಸಿಗರನ್ನು ಹುಡುಕುತ್ತೇವೆ ಅಂತ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಅಂಗಡಿಗಳ ಪಾರ್ಕಿಂಗಿನಲ್ಲಿ, ಚರ್ಚಿನ ಅಂಗಳದಲ್ಲಿ, ರಸ್ತೆ ಬದಿಯಲ್ಲಿ ಜನರನ್ನು ಹಿಡಿಯತೊಡಗಿದರು. ಒಬ್ಬನ ಗಾಡಿಯ ಗಾಜು ಒಡೆದು ಹೊರಗೆಳೆದು ಕರೆದುಕೊಂಡು ಹೋದರು. ಅವನು ಅಮೆರಿಕದ ಪ್ರಜೆ, ಕಾಗದ ನೋಡಿದ ಮೇಲೆ ಬಿಟ್ಟರು. ಗಾಜು ಒಡೆದಿದ್ದು ಮೊದಲು, ಕಾಗದ ನೋಡಿದ್ದು ಆಮೇಲೆ. ಸೋಮವಾರ ಶಾಲೆಗೆ ಹೋದ ಮಗಳು ಬಂದು ಹೇಳಿದ್ದು, "ನಮ್ಮ ಟೇಬಲ್ಲಲ್ಲಿ ನಾನೊಬ್ಬಳೇ ಇದ್ದೆ. ಮಿಕ್ಕ ಮೂರು ಜನ ಬಂದಿರಲಿಲ್ಲ."

ಆ ಮೂವರೂ ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುವ ಮಕ್ಕಳು.

ಹಿಂದಿನ ದಿನ ಪಕ್ಕದ ಮನೆಯಾತ ಸಿಕ್ಕಿದ್ದ. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ನಾವು ಊರಿಗೆ ಹೋದಾಗ ನಮ್ಮ ತುಳಸಿಗೆ ನೀರು ಹಾಕುವವನು ಅವನೇ. ಒಣಗಿದೆಲೆ ಗುಡಿಸುತ್ತಿದ್ದವನು ಕೆಲಸ ನಿಲ್ಲಿಸಿ ಬೇಲಿಯ ಹತ್ತಿರ ಬಂದು, "ನೀವೇನೂ ಯೋಚನೆ ಮಾಡಬೇಡಿ. ಅವರು ಹುಡುಕ್ತಿರೋದು ನಿಮ್ಮಂಥವರನ್ನಲ್ಲ" ಅಂದ. ನಾನು ಥ್ಯಾಂಕ್ಸ್ ಹೇಳಿದೆ. ಒಳಗೆ ಬಂದು ಚಪ್ಪಲಿ ಬಿಡುವಾಗ, ಈ ಮಾತನ್ನು ಹಿಂದೆ ಎಲ್ಲೋ ಕೇಳಿದ್ದೀನಲ್ಲ ಅನ್ನಿಸಿತು. ಎಲ್ಲಿ ಅಂತ ತಕ್ಷಣಕ್ಕೆ ಹೊಳೆಯಲಿಲ್ಲ.

ನನಗೆ ನಿಜವಾದ ಭಯ ಅಪ್ಪನ ವಾಕಿಂಗಿನದು. ಬೆಳಗ್ಗೆ ಏಳಕ್ಕೆ ಹೊರಡುತ್ತಾರೆ. ತಲೆಗೆ ಮಂಕಿ ಕ್ಯಾಪ್, ಕೈಯಲ್ಲಿ ಫೋನು. ಆಗ ತಿಪಟೂರಿನಲ್ಲಿ ಸಂಜೆ ಐದೂವರೆ, ಅವರ ಸ್ನೇಹಿತರು ಕಟ್ಟೆ ಮೇಲೆ ಸೇರುವ ಹೊತ್ತು. ಸ್ಪೀಕರ್ ಹಾಕಿಕೊಂಡು ಕೊಬ್ಬರಿ ರೇಟಿನಿಂದ ಶುರುವಾದರೆ ಎರಡು ಮೈಲಿ ನಡೆಯುವಷ್ಟರಲ್ಲಿ ಇಡೀ ತಾಲ್ಲೂಕಿನ ಸಮಾಚಾರ ಮುಗಿದಿರುತ್ತದೆ. ಯಾರ ಮನೆ ಮುಂದೆ ಗುಲಾಬಿ ಚೆನ್ನಾಗಿದ್ದರೂ ನಿಂತು, ಬಗ್ಗಿ ನೋಡುವ ಅಭ್ಯಾಸ ಬೇರೆ.

ಹೀಗೆ ನಿಂತು ನೋಡಿದ್ದಕ್ಕೇ 2015ರ ಫೆಬ್ರವರಿಯಲ್ಲಿ ಅಲಬಾಮಾದ ಮ್ಯಾಡಿಸನ್‌ನಲ್ಲಿ ಒಬ್ಬರ ಕತ್ತಿಗೆ ಪೆಟ್ಟುಬಿದ್ದು ಮೈ ಭಾಗಶಃ ಸ್ವಾಧೀನ ತಪ್ಪಿತು. ಇಲ್ಲಿಂದ ಆರೇಳು ಗಂಟೆ ಡ್ರೈವ್. ಗುಜರಾತಿನಿಂದ ಮೊಮ್ಮಗುವನ್ನು ನೋಡಿಕೊಳ್ಳಲು ಬಂದಿದ್ದ 57ರ ರೈತ. ಮಗನ ಮನೆ ಮುಂದಿನ ರಸ್ತೆಯಲ್ಲಿ ಬೆಳಗ್ಗೆ ನಡೆಯುತ್ತಿದ್ದರು. ಯಾರೋ ಪೊಲೀಸರಿಗೆ ಫೋನ್ ಮಾಡಿ, ಸಣಕಲು ಕರಿಯನೊಬ್ಬ ಮನೆಗಳ ಗ್ಯಾರೇಜು ನೋಡುತ್ತಾ ಓಡಾಡುತ್ತಿದ್ದಾನೆ ಅಂದರು. ಪೊಲೀಸರು ಬಂದು ಕೇಳಿದ್ದಕ್ಕೆ ಅವರಿಗೆ ಬಂದಿದ್ದು 'ಇಂಡಿಯಾ', 'ನೋ ಇಂಗ್ಲಿಷ್' ಅನ್ನುವಂಥ ನಾಲ್ಕು ಮಾತು. ಅಧಿಕಾರಿ ಅವರ ಕೈ ಹಿಂದಕ್ಕೆ ಹಿಡಿದು, ಕಾಲು ಕೊಟ್ಟು, ಮುಖ ಅಡಿಯಾಗಿ ನೆಲಕ್ಕೆ ಕೆಡವಿದ. ಎಲ್ಲವೂ ಪೊಲೀಸ್ ಗಾಡಿಯ ಕ್ಯಾಮೆರಾದಲ್ಲೇ ಇದೆ. ಆ ರಾಜ್ಯದ ಗವರ್ನರ್ ಕ್ಷಮೆ ಕೇಳಿದರು. ಅಧಿಕಾರಿಯ ಮೇಲೆ ಎರಡು ಸಲ ವಿಚಾರಣೆ ನಡೆಯಿತು, ಎರಡು ಸಲವೂ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, 2016ರ ಜನವರಿಯಲ್ಲಿ ನ್ಯಾಯಾಧೀಶರು ಅವನನ್ನು ಖುಲಾಸೆ ಮಾಡಿದರು. ವರ್ಷಗಳಾದ ಮೇಲೆ ಊರಿನ ಆಡಳಿತ ಪರಿಹಾರ ಕೊಟ್ಟಿತು. ಅಷ್ಟೇ.

ಅಪ್ಪ ಬಂದ ವಾರವೇ ಈ ವಿಡಿಯೋ ತೋರಿಸಿದ್ದೆ, ಎಚ್ಚರಿಕೆಗೆ ಅಂತ. ಕೊನೆವರೆಗೂ ನೋಡಿ, "ಪಾಪ, ಜೇಬಿಗೆ ಕೈ ಹಾಕ್ಬಾರ್ದಿತ್ತು ಆಯಪ್ಪ" ಅಂದರು. ನಮ್ಮವರ ಬುದ್ಧಿ ಹೀಗೇ. ಖಾಕಿ ಕಂಡರೆ ತಪ್ಪು ಮೊದಲು ನಮ್ಮ ಕಡೆಯೇ ಹುಡುಕುತ್ತೇವೆ.

ನನ್ನ ಬಳಿ ಕಾನೂನಿನ ಕೈಪಿಡಿಯಂಥ ಫಾರ್ವರ್ಡುಗಳು ರಾಶಿ ಬಿದ್ದಿವೆ. ಬಾಗಿಲು ತೆರೆಯಬೇಕಿಲ್ಲ, ಜಡ್ಜ್ ಸಹಿ ಹಾಕಿದ ವಾರಂಟ್ ಕೇಳಬಹುದು, ಸುಮ್ಮನಿರುವುದು ನಿಮ್ಮ ಹಕ್ಕು, 'ನಾನು ಹೋಗಬಹುದಾ?' ಅಂತ ಕೇಳಿ. ಎಲ್ಲ ನಿಜವೇ. ಇಲ್ಲಿನ ಸುಪ್ರೀಂ ಕೋರ್ಟಿನ 1968ರ ಟೆರ್ರಿ ತೀರ್ಪಿನಿಂದಲೂ ಪೊಲೀಸರು ರಸ್ತೆಯಲ್ಲಿ ಒಬ್ಬನನ್ನು ತಡೆಯಬೇಕಾದರೆ ಅನುಮಾನಕ್ಕೆ ತಕ್ಕ ಕಾರಣ ಇರಬೇಕು, ಬರೀ 'ಯಾಕೋ ಅನ್ನಿಸಿತು' ಸಾಲದು. ಆ ಕಾರಣ ಏನಿರಬಹುದು ಅನ್ನುವುದರಲ್ಲೇ ಈಗ ಜಗಳ. ಲಾಸ್ ಏಂಜಲೀಸ್‌ನಲ್ಲಿ ಒಬ್ಬ ಜಡ್ಜ್ 2025ರ ಜುಲೈನಲ್ಲಿ ಹೇಳಿದ್ದರು: ಜನಾಂಗ, ಸ್ಪ್ಯಾನಿಷ್ ಮಾತು ಅಥವಾ ಇಂಗ್ಲಿಷಿನ ರಾಗ, ನಿಂತ ಜಾಗ, ಮಾಡುವ ಕೆಲಸ, ಇವಿಷ್ಟನ್ನೇ ಇಟ್ಟುಕೊಂಡು ಯಾರನ್ನೂ ತಡೆಯುವಂತಿಲ್ಲ. ಸೆಪ್ಟೆಂಬರ್ 8ರಂದು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಬಹುಮತದವರು ಕಾರಣ ಬರೆಯಲಿಲ್ಲ. ನ್ಯಾಯಮೂರ್ತಿ ಕ್ಯಾವನಾ ಮಾತ್ರ ಪ್ರತ್ಯೇಕವಾಗಿ ಬರೆದರು: ಜನಾಂಗವೊಂದೇ ಸಾಲದು, ಆದರೆ ಬೇರೆ ಅಂಶಗಳ ಜೊತೆ ಸೇರಿದರೆ ಅದೂ ಲೆಕ್ಕಕ್ಕೆ ಬರಬಹುದು, ಕಾನೂನುಬದ್ಧವಾಗಿ ಇರುವವರನ್ನು ಸ್ವಲ್ಪ ಹೊತ್ತು ವಿಚಾರಿಸಿ ಬಿಟ್ಟುಬಿಡುತ್ತಾರೆ.

ಹತ್ತು ವರ್ಷದ ಹುಡುಗಿ ತೀರ್ಪು ಓದುವುದಿಲ್ಲ. ಬಸ್ಸಿನಲ್ಲಿ ಮಕ್ಕಳು ಮಾತಾಡಿಕೊಂಡಿದ್ದಾರೆ, ಹೊರಗೆ ಬೇರೆ ಭಾಷೆ ಮಾತಾಡಿದರೆ ಹಿಡಿಯುತ್ತಾರಂತೆ ಅಂತ. ತೀರ್ಪಿನ ಸಾರ ಅಷ್ಟರಮಟ್ಟಿಗೆ ಅವಳಿಗೆ ತಲುಪಿತ್ತು.

ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಬಿಡಿಸಿ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಮುದ್ದೆ ಮುರಿಯುವುದು ನಿಲ್ಲಿಸಿ ತುರ್ತು ಪರಿಸ್ಥಿತಿಯ ಕಥೆ ತೆಗೆದರು. 1975ರಲ್ಲಿ ಅವರಿನ್ನೂ ಕಾಲೇಜು. ಒಂದು ಕರಪತ್ರ ಇಟ್ಟುಕೊಂಡಿದ್ದಕ್ಕೆ ರೂಮ್‌ಮೇಟನ್ನು ಎಬ್ಬಿಸಿ ಕರೆದುಕೊಂಡು ಹೋದರಂತೆ. ಬಿಟ್ಟಿದ್ದು ಎಂಟು ತಿಂಗಳಾದ ಮೇಲೆ. "ಹೋಟ್ಲಲ್ಲಿ 'ಇಲ್ಲಿ ರಾಜಕೀಯ ಮಾತಾಡಬಾರದು' ಅಂತ ಬೋರ್ಡು ಹಾಕಿರೋರು. ಆಗ ಏನು ಮಾತಾಡ್ಬಾರ್ದು ಅಂತ ಇತ್ತು ಕಣೋ. ಇಲ್ಲಿ ಯಾವ ಭಾಷೇಲಿ ಮಾತಾಡ್ಬಾರ್ದು ಅಂತಾನಾ?" ಅಂದರು.

ವಾಜಪೇಯಿ, ಅಡ್ವಾಣಿ ಅವರನ್ನು ಆಗ ಬಂಧಿಸಿದ್ದು ಬೆಂಗಳೂರಿನಲ್ಲೇ. ಇಟ್ಟಿದ್ದು ಅಲ್ಲಿನ ಸೆಂಟ್ರಲ್ ಜೈಲಿನಲ್ಲಿ. ನಟಿ ಸ್ನೇಹಲತಾ ರೆಡ್ಡಿ ಅದೇ ಜೈಲಿನಲ್ಲಿ ಅಸ್ತಮಾದಿಂದ ನರಳಿ, ಹೊರಬಂದ ಕೆಲವೇ ದಿನಕ್ಕೆ 1977ರ ಜನವರಿಯಲ್ಲಿ ತೀರಿಕೊಂಡರು. ಆ ಜೈಲು ಈಗ ಫ್ರೀಡಂ ಪಾರ್ಕ್. ಬೆಂಗಳೂರಿನಲ್ಲಿ ಪ್ರತಿಭಟನೆ ಮಾಡುವುದಿದ್ದರೆ ಅದರ ಕಾಂಪೌಂಡಿನೊಳಗೇ ಮಾಡಬೇಕು ಅಂತ 2021ರಲ್ಲಿ ಆದೇಶವೂ ಬಂತು. ಇದನ್ನು ಹೇಳಿದಾಗ ಮಾತ್ರ ಅಪ್ಪ ನಕ್ಕರು.

ಮಗಳು ನಗಲಿಲ್ಲ. ಅವಳಿಗೆ ಸಮಾಧಾನವಾಗಲಿ ಅಂತ ನನ್ನ ಬಾಯಿಂದ ಬಂದೇ ಬಿಟ್ಟಿತು: "ನಮ್ಮಂಥವರಿಗೆ ಏನೂ ಮಾಡಲ್ಲ ಪುಟ್ಟಿ."

"ನಮ್ಮಂಥವರು ಅಂದ್ರೆ ಯಾರಪ್ಪ?"

ಆಗ ನೆನಪಾಯಿತು, ಈ ಮಾತು ಎಲ್ಲಿ ಕೇಳಿದ್ದು ಅಂತ. ಕೇಳಿದ್ದಲ್ಲ. ಹೇಳಿದ್ದು, ನಾನೇ.

2020ರ ಜನವರಿ. ನಾವಾಗ ಬೆಳ್ಳಂದೂರಿನ ಹತ್ತಿರ ಅಪಾರ್ಟ್‌ಮೆಂಟಿನಲ್ಲಿದ್ದೆವು. ಕರಿಯಮ್ಮನ ಅಗ್ರಹಾರದ ಶೆಡ್ಡುಗಳಲ್ಲಿ ಬಾಂಗ್ಲಾದೇಶದವರು ಸೇರಿಕೊಂಡಿದ್ದಾರೆ ಅಂತ ಒಂದು ವಿಡಿಯೋ ಓಡಾಡುತ್ತಿತ್ತು, ನಮ್ಮ ವಾಟ್ಸಾಪ್ ಗುಂಪಿಗೂ ಬಂತು. ನಲವತ್ತೋ ಐವತ್ತೋ ಥಂಬ್ಸ್ ಅಪ್ ಬಿದ್ದವು. ಅದರಲ್ಲಿ ಒಂದು ನನ್ನದು. ಮನೆಗೆಲಸಕ್ಕೆ ಬರುತ್ತಿದ್ದ ಯಾದಗಿರಿ ಕಡೆಯ ಹೆಂಗಸು ಅಲ್ಲಿಯೇ ಒಂದು ಶೆಡ್ಡಿನಲ್ಲಿದ್ದಳು. ಪಾತ್ರೆ ತೊಳೆಯುತ್ತಾ ಕೇಳಿದಳು, "ಅಣ್ಣಾರ, ಪೊಲೀಸ್ರು ಬಂದು ಖಾಲಿ ಮಾಡ್ರಿ ಅನ್ನಾಕತ್ಯಾರ, ಏನ್ ಮಾಡೂದ್ರಿ?" ನಾನು ಲ್ಯಾಪ್‌ಟಾಪಿನಿಂದ ತಲೆಯನ್ನೂ ಎತ್ತದೆ ಹೇಳಿದ್ದೆ: "ಅದು ನಿಮ್ಮಂಥವರಿಗಲ್ಲಮ್ಮ. ಆಧಾರ್ ಇದೆಯಲ್ಲ, ತೋರಿಸು."

ಆ ಶನಿವಾರ-ಭಾನುವಾರ ಜೆಸಿಬಿ ಬಂತು. ಜೆಸಿಬಿ ಆಧಾರ್ ಕೇಳಲಿಲ್ಲ. ಬಿದ್ದ ಶೆಡ್ಡುಗಳಲ್ಲಿದ್ದವರು ಅಸ್ಸಾಂ, ತ್ರಿಪುರ, ಬಂಗಾಳದವರು, ಜೊತೆಗೆ ನಮ್ಮದೇ ಉತ್ತರ ಕರ್ನಾಟಕದವರು. ಎರಡು ದಿನ ಬಿಟ್ಟು ಆಕೆ ಬಂದಳು, ಹಿಂದಿನ ಸಂಬಳದ ಬಾಕಿ ಕೇಳಲು. ಕೈಯಲ್ಲಿ ಒಂದು ಕುಕ್ಕರಿತ್ತು, ಹಿಡಿ ಇರಲಿಲ್ಲ. ಬಾಗಿಲಲ್ಲೇ ನಿಂತು, ಅಳದೆ, "ಕನ್ನಡದಾಗ ಎಷ್ಟ್ ಹೇಳಿದ್ನಿರಿ, ಕೇಳ್ಲಿಲ್ರಿ" ಅಂದಳು. ಆಮೇಲೆ ಕೇಸು ಹೈಕೋರ್ಟಿಗೆ ಹೋಗಿ, ಇನ್ನಷ್ಟು ಕೆಡವದಂತೆ ತಡೆಯೂ ಸಿಕ್ಕಿತು. ಅಷ್ಟರಲ್ಲಿ ಆಕೆ ಊರಿಗೆ ಹೋಗಿಬಿಟ್ಟಿದ್ದಳು. ಅವಳ ನಂಬರ್ ನನ್ನ ಹಳೆಯ ಫೋನಿನಲ್ಲಿತ್ತು.

ಮಗಳು ಇನ್ನೂ ನನ್ನನ್ನೇ ನೋಡುತ್ತಿದ್ದಳು. "ಊಟ ಮಾಡು, ಆರೋಗುತ್ತೆ" ಅಂದೆ.

ಮಲಗುವ ಮುಂಚೆ ಅಪ್ಪನ ಪಾಸ್‌ಪೋರ್ಟ್, ಈ ದೇಶದೊಳಗೆ ಬಂದಿದ್ದರ ದಾಖಲೆಯಾದ ಐ-94ರ ಪ್ರಿಂಟ್ ಎರಡನ್ನೂ ತೆಗೆದಿಟ್ಟೆ. ಪ್ರಜೆಯಲ್ಲದ ವಯಸ್ಕರು ಇಲ್ಲಿ ನೋಂದಣಿಯ ಕಾಗದ ಸದಾ ಜೊತೆಗಿಟ್ಟುಕೊಂಡಿರಬೇಕು ಅಂತ ಹಳೆಯ ಕಾನೂನೇ ಇದೆ, ಇಷ್ಟು ವರ್ಷ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಅಪ್ಪ ಎಲ್‌ಐಸಿ ಬಾಂಡ್ ಇಡುವ ಪ್ಲಾಸ್ಟಿಕ್ ಕವರನ್ನು ಊರಿನಿಂದ ತಂದಿದ್ದರು, ಯಾಕೆ ತಂದರೋ ದೇವರಿಗೇ ಗೊತ್ತು. ಅದರೊಳಗೆ ಹಾಕಿ, ಬನಿಯನ್ನಿನ ಒಳಜೇಬಿಗೆ ಸೇರಿಸಿ, ಪಿನ್ನು ಚುಚ್ಚಿಕೊಂಡರು. ಸಂತೆಗೆ ಹೋಗುವಾಗ ದುಡ್ಡು ಇಟ್ಟುಕೊಳ್ಳುವ ಹಾಗೆ.

"ಮಂಕಿ ಕ್ಯಾಪ್ ಬೇಡ ಅಪ್ಪ" ಅಂದೆ.

"ಮುಖ ಮುಚ್ಕೊಂಡು ಬರೋರು ಅವ್ರಲ್ವೇನೋ?"

ಬೆಳಗ್ಗೆ ಏಳಕ್ಕೆ ಎಂದಿನಂತೆ ಹೊರಟರು, ಮಂಕಿ ಕ್ಯಾಪ್ ಸಮೇತ. ನಾನು ಅಡುಗೆಮನೆಯ ಕಿಟಕಿಯಲ್ಲಿ ಕಾಫಿ ಹಿಡಿದು ನಿಂತಿದ್ದೆ. ಫೋನ್ ಸ್ಪೀಕರಿನಲ್ಲಿತ್ತು, "ಎಷ್ಟಕ್ಕೋಯ್ತೋ ಕೊಬ್ಬರಿ?" ಅನ್ನುವುದು ಗಾಜು ದಾಟಿ ಕೇಳಿಸುತ್ತಿತ್ತು. ತಿರುವಿನಲ್ಲಿ ಒಂದು ಕಪ್ಪು ಗಾಜಿನ ವ್ಯಾನ್ ನಿಧಾನವಾಗಿ ಬಂತು. ಅಪ್ಪ ಮಾತು ನಿಲ್ಲಿಸಿ ಫೋನನ್ನು ಎದೆಗೆ ಒತ್ತಿಕೊಂಡರು, ಪಿನ್ನು ಚುಚ್ಚಿದ ಕಡೆಗೇ. ಅದು ಪಾರ್ಸೆಲ್ ಹಂಚುವ ಗಾಡಿ. ಅದು ದಾಟಿಹೋಗುವವರೆಗೆ ಯಾರದೋ ಮನೆಯ ಗುಲಾಬಿ ನೋಡುತ್ತಾ ನಿಂತಿದ್ದು, ಆಮೇಲೆ ಗುಲಾಬಿಯಿಂದಲೂ ಎರಡು ಹೆಜ್ಜೆ ಹಿಂದೆ ಸರಿದರು.