ಟೆಸ್ಟಿಂಗ್ ಅಂಕಣದಲ್ಲಿ ಮೂರೇ ಚೀಟಿ

ಗಂಗಾವತಿಯ ಅಕ್ಕಿ ಗಿರಣಿಗಳಿಗೆ ಭತ್ತ ಖರೀದಿ ಮತ್ತು ಬಿಲ್ಲಿಂಗ್ ತಂತ್ರಾಂಶ ಮಾಡಿಕೊಡುವ ಆರು ಜನರ ನಮ್ಮ ತಂಡ ಎರಡು ವರ್ಷ, ಕೆಲಸವನ್ನು ನಿಗದಿತ ಅವಧಿಗಳಾಗಿ ಹಂಚಿ ಮೊದಲೇ ಯೋಜಿಸುವ ಸ್ಕ್ರಮ್ ಪದ್ಧತಿಯಲ್ಲೇ ನಡೆದಿತ್ತು. ಸ್ಪ್ರಿಂಟ್ ಎಂಬ ಎರಡು ವಾರದ ಅವಧಿ, ಸೋಮವಾರ ಯೋಜನಾ ಸಭೆ, ಪ್ರತಿ ಕೆಲಸಕ್ಕೂ ಅದರ ಗಾತ್ರ ಅಂದಾಜಿಸುವ ಪಾಯಿಂಟು. ಆದರೆ ನವೆಂಬರಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯ ಭತ್ತ ಗಿರಣಿಗಳಿಗೆ ಬರತೊಡಗಿತೆಂದರೆ, ವೇಬ್ರಿಡ್ಜಿನ ತೂಕ ಬಿಲ್ಲಿನಲ್ಲಿ ಮೂಡುತ್ತಿಲ್ಲ, ಹಮಾಲಿ ಲೆಕ್ಕ ತಪ್ಪಾಗಿದೆ ಎಂದು ಬೆಳಗಿನಿಂದ ಫೋನುಗಳು ಬಂದು, ಸೋಮವಾರದ ಯೋಜನೆ ಬುಧವಾರದ ಹೊತ್ತಿಗೆ ಹೆಸರಿಗಷ್ಟೇ ಉಳಿಯುತ್ತಿತ್ತು. ಇದು ಸ್ಕ್ರಮ್‌ನ ದೋಷವೆಂದು ನಾನು ಹೇಳಲಾರೆ; ಎರಡು ವಾರಕ್ಕೊಂದು ಗುರಿ ಇಟ್ಟುಕೊಳ್ಳಬಲ್ಲವರಿಗೆ ಅದು ಹೇಳಿ ಮಾಡಿಸಿದ್ದು. ನಮ್ಮ ಕೆಲಸ ಫೋನಿನಲ್ಲಿ ಬರುವಂಥದ್ದು.

ಹಂತಕ್ಕೊಂದು ಅಂಕಣವಿರುವ ಬೋರ್ಡಿನಲ್ಲಿ ಕೆಲಸಗಳನ್ನು ಚೀಟಿಗಳಾಗಿ ಇಟ್ಟು, ಒಮ್ಮೆಗೆ ಎಷ್ಟಿರಬಹುದೆಂದು ಮಿತಿ ಹಾಕುವ ಕಾನ್ಬಾನ್ ಪದ್ಧತಿಗೆ ಬದಲಾದ ದಿನ ಸ್ಪ್ರಿಂಟನ್ನೂ ಪಾಯಿಂಟುಗಳನ್ನೂ ಬಿಟ್ಟು, ಬೆಳಗಿನ ಹದಿನೈದು ನಿಮಿಷದ ಸಭೆಯನ್ನು ಮಾತ್ರ ಉಳಿಸಿಕೊಂಡು, ಕೈಯಲ್ಲಿದ್ದ ಕೆಲಸಗಳನ್ನೆಲ್ಲ ಚೀಟಿಗಳಲ್ಲಿ ಬರೆದು ಬೋರ್ಡಿಗೆ ಅಂಟಿಸಿದೆವು. ಎಣಿಸಿದರೆ 18, ಅದರಲ್ಲಿ 9 ಟೆಸ್ಟಿಂಗ್‌ಗೆ ಕಾಯುತ್ತಿದ್ದವು. ದಿನಕ್ಕೆ ನಾವು ಮುಗಿಸುತ್ತಿದ್ದುದು ಸರಾಸರಿ 3. ಕೈಯಲ್ಲಿರುವ ಕೆಲಸಗಳನ್ನು ದಿನಕ್ಕೆ ಮುಗಿಯುವ ಸಂಖ್ಯೆಯಿಂದ ಭಾಗಿಸಿದರೆ ಒಂದಕ್ಕೆ ಹಿಡಿಯುವ ಸರಾಸರಿ ಸಮಯ ಸಿಗುತ್ತದೆಂದು ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರದಂತೆ, ಯಾರೂ ಸೋಮಾರಿಗಳಲ್ಲದಿದ್ದರೂ ಒಂದು ಚೀಟಿ ಹೊರಬೀಳಲು ಸರಾಸರಿ 6 ದಿನ ಬೇಕು. ಆದ್ದರಿಂದ ಟೆಸ್ಟಿಂಗ್ ಅಂಕಣದ ನೆತ್ತಿಯ ಮೇಲೆ 3 ಎಂದು ಬರೆದು, ಅಷ್ಟಕ್ಕೆ ಇಳಿಯುವವರೆಗೆ ಹೊಸ ಕೆಲಸ ಹಿಡಿಯಕೂಡದೆಂದು ನಿಶ್ಚಯಿಸಿದೆವು. ಟೊಯೋಟಾದಲ್ಲಿ ಎಂಜಿನಿಯರ್ ತೈಚಿ ಓನೊ ರೂಢಿಗೆ ತಂದ ಈ ಕಾನ್ಬಾನ್ ಪದ್ಧತಿಯ ತಿರುಳನ್ನು ನಮ್ಮವರಿಗೆ ವಿವರಿಸಲು ಜಪಾನಿನವರೆಗೆ ಹೋಗಬೇಕಾಗಲಿಲ್ಲ. ಪಾಲಿಶ್ ಯಂತ್ರ ನಿಂತರೆ ಹಿಂದಿನ ಯಂತ್ರಕ್ಕೆ ಭತ್ತ ಸುರಿಯುವುದನ್ನು ನಿಲ್ಲಿಸುತ್ತಾರೆಂಬುದು ಗಿರಣಿ ಕಂಡ ಎಲ್ಲರಿಗೂ ಗೊತ್ತು.

ಗೊತ್ತಿದ್ದರೂ ಒಪ್ಪುವುದು ಕಷ್ಟವಾಯಿತು. ಮಧ್ಯಾಹ್ನ ನಮ್ಮ ಅತ್ಯಂತ ಚುರುಕಿನ ಹುಡುಗ ಎದ್ದುಬಂದು, “ನಂದು ಮುಗೀತ್ರೀ ಸರ್, ಹೊಸದು ಹಿಡೀಲೇನ್ರಿ?” ಎಂದ.

“ಟೆಸ್ಟಿಂಗ್‌ನ್ಯಾಗ ಜಾಗ ಇಲ್ಲಪಾ. ಅಕ್ಕಾರ ಜೋಡಿ ಕೂಡು.”

ಕೋಡ್ ಬರೆಯುವವನನ್ನು ಟೆಸ್ಟಿಂಗ್‌ಗೆ ಕೂರಿಸುವುದೆಂದರೆ ಹಿಂಬಡ್ತಿ ಕೊಟ್ಟಂತೆಯೇ ಎಂದು ಅವನ ಮುಖ ಹೇಳುತ್ತಿತ್ತು. ನಮ್ಮ ಏಕೈಕ ಟೆಸ್ಟರ್ ಆಗಿದ್ದ ಅಕ್ಕ ಮಾತಾಡದೆ ಕುರ್ಚಿ ಸರಿಸಿ, ಸರದಿಯಲ್ಲಿದ್ದ ಒಂದು ಚೀಟಿಯನ್ನು ಅವನ ಕೈಗಿತ್ತರು. ಅವನು ಬಿಗಿದ ಮುಖದಲ್ಲೇ ಸೋನಾ ಮಸೂರಿಯ ಒಂದು ಖರೀದಿ ಬಿಲ್ಲು ತೆಗೆದು, 75 ಕೆ.ಜಿ. ಚೀಲದ ದರ ಹಾಕಿ, ಮೊತ್ತ ನೋಡಿ, ಅಳಿಸಿ ಮತ್ತೆ ಹಾಕಿದ. ತಂತ್ರಾಂಶ ಚೀಲದ ದರವನ್ನು ಕ್ವಿಂಟಲ್ ದರವೆಂದು ಹಿಡಿದು, ರೈತನ ಹಣದಲ್ಲಿ ಕಾಲು ಭಾಗ ಕಡಿಮೆ ತೋರಿಸುತ್ತಿತ್ತು. ಆ ಕೋಡ್ ಅವನೇ ಹಿಂದಿನ ವಾರ ಬರೆದು, ಮುಗಿಯಿತೆಂದು ಹೇಳಿದ್ದು. ಅಕ್ಕನ ಸರದಿಯಲ್ಲಿ ಅದು ಎಂಟನೆಯದಾಗಿ ಕಾಯುತ್ತಿತ್ತು.