ಮಳೆ ಸೀಮೆಯಲ್ಲಿ ಮನೆ ನಡುವೆ ಆಕಾಶ ಯಾಕೆ?

ಕುಪ್ಪಳಿಯಲ್ಲಿ ಕುವೆಂಪು ಬೆಳೆದ ತೊಟ್ಟಿಮನೆಯನ್ನು ನೋಡಿ ಬಂದವರು ನನ್ನನ್ನು ತಪ್ಪದೆ ಕೇಳುತ್ತಾರೆ: "ಇಷ್ಟು ಮಳೆ ಹೊಯ್ಯುವ ಊರಲ್ಲಿ ಮನೆ ನಡುವೆ ಮಾಡು ಹಾಕದೆ ಯಾಕೆ ಬಿಟ್ಟರು?" ಕೇಳುವುದು ಸಹಜ. ಅದೇ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಜಾಸ್ತಿ ಮಳೆ.

ಆ ಮಳೆಯೇ ಕಾರಣ. ಇಲ್ಲಿ ಗಾಳಿಮಳೆ ಓರೆಯಾಗಿ ಹೊಡೆಯುತ್ತದೆ. ಹೊರಗೋಡೆಗೆ ದೊಡ್ಡ ಕಿಟಕಿ ಇಟ್ಟರೆ ಎರಚಲೆಲ್ಲ ಒಳಗೆ. ಮಣ್ಣಿನ ಗೋಡೆ ನೆನೆಯಬಾರದು ಅಂತ ಸೂರನ್ನು ತಗ್ಗಿಸಿ, ಆಚೆಗೆ ಚಾಚಿ ಕಟ್ಟುತ್ತಿದ್ದರು. ಹಾಗಾಗಿ ಬೆಳಕು ಮೇಲಿನಿಂದಲೇ ಬರಬೇಕು. ಮನೆ ನಡುವಿನ ಈ ತೆರೆದ ಜಾಗವೇ ತೊಟ್ಟಿ. ಅದರೊಳಗೆ ಗಾಳಿಯ ಹೊಡೆತ ಕಡಿಮೆ. ಅದು ಜಗಲಿಗಿಂತ ತಗ್ಗಿನಲ್ಲಿರುವುದರಿಂದ ಬಿದ್ದ ನೀರು ಕಂಡಿಯಿಂದ ಹೊರಗೆ ಹೋಗುತ್ತದೆ.

ನನಗೆ ಇನ್ನೂ ಮುಖ್ಯ ಅನ್ನಿಸುವುದು ಬೇರೆ. ತೊಟ್ಟಿಮನೆ ಮೊದಲು ಬೇಸಾಯದ ಮನೆ. ಅಡಿಕೆ ಕೊಯ್ಲು ಶುರುವಾದರೆ ರಾತ್ರಿ ತನಕ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುವವರು, ಹಂಡೆಯಲ್ಲಿ ಚೊಗರು (ಅಡಿಕೆ ಬೇಯಿಸಿ ಉಳಿದ ಕೆಂಪು ರಸ) ಹಾಕಿ ಬೇಯಿಸುವವರು, ಅಂಗಳದ ಚಪ್ಪರದ ಮೇಲೆ ಹರವುವವರು. ಭತ್ತದ ಕಣಜವೂ ಮನೆಯೊಳಗೇ. ಅಷ್ಟು ಜನ, ಅಷ್ಟು ಬೆಳೆ, ಅಷ್ಟು ಹೊಗೆಗೆ ಒಂದು ಉಸಿರುಗಂಡಿ ಬೇಕಲ್ವಾ? ಕೆತ್ತನೆಯ ಕಂಬದ ಫೋಟೋ ಎಲ್ಲರೂ ತೆಗೆಯುತ್ತಾರೆ. ದಯವಿಟ್ಟು ಹೊಗೆ ಹಿಡಿದು ಕಪ್ಪಾದ ತೊಲೆಗಳನ್ನೂ ನೋಡಿ. ಒಲೆಯ ಹೊಗೆ ಅಟ್ಟಕ್ಕೇರಿ ಮರವನ್ನು ಬೆಚ್ಚಗಿಟ್ಟು, ಹುಳ ಹತ್ತದ ಹಾಗೆ ಕಾಯುತ್ತಿತ್ತು. ಗ್ಯಾಸ್ ಒಲೆ ಬಂದ ಮನೆಗಳಲ್ಲಿ ಈಗ ಆ ಕಾವಲಿಲ್ಲ.

ಮಾಡಿಗೆ ಮೊದಲು ಹುಲ್ಲು, ಸೋಗೆ, ನಾಡಹೆಂಚು. ಮಂಗಳೂರು ಹೆಂಚು ಬಂದದ್ದು 1865ರಲ್ಲಿ ಬಾಸೆಲ್ ಮಿಶನ್‌ನವರು ಅಲ್ಲಿ ಕಾರ್ಖಾನೆ ಶುರು ಮಾಡಿದ ಮೇಲೆ. ಹೆಂಚಾದರೂ ಮಳೆಗಾಲಕ್ಕೆ ಮುಂಚೆ ಕೈಯಾಡಿಸಿ, ಒಡೆದದ್ದನ್ನು ಬದಲಿಸಲೇಬೇಕು.

ಪಾಲಾದ ಮನೆಗಳಲ್ಲಿ ತೊಟ್ಟಿಗೇ ಅಡ್ಡ ಗೋಡೆ ಎದ್ದಿರುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಎರಡೂ ಪಾಲಿಗೆ ಕತ್ತಲೆ. ಇನ್ನು ಕೆಲವರು ಮಣ್ಣಿನ ಗೋಡೆಗೆ ಸಿಮೆಂಟ್ ಬಳಿಸುತ್ತಾರೆ. ತೇವ ಒಳಗೇ ಸಿಕ್ಕಿಕೊಂಡು ಗೋಡೆ ಹಾಳಾಗುತ್ತದೆ. ಅದಕ್ಕೆ ಮಣ್ಣಿನ ಗಿಲಾವು, ಸುಣ್ಣವೇ ಸರಿ.

"ಹಾಗಾದರೆ ತೊಟ್ಟಿ ಮುಚ್ಚಲೇಬಾರದಾ?" ಅಂತ ಮತ್ತೆ ಕೇಳುತ್ತಾರೆ. ವಯಸ್ಸಾದವರು ಜಾರುತ್ತಾರೆ, ಮಂಗನ ಕಾಟವೂ ಇದೆ. ಮುಚ್ಚುವುದಾದರೆ ಮಾಡಿಗಿಂತ ಎತ್ತರದಲ್ಲಿ ಬೆಳಕು ಬಿಡುವ ಶೀಟು ಹಾಕಿಸಿ, ಗಾಳಿಗೆ ನಾಲ್ಕೂ ಬದಿ ಜಾಗ ಬಿಡಿ. ನೀರಿನ ಕಂಡಿಯನ್ನು ಮಾತ್ರ ಮುಚ್ಚಬೇಡಿ.